ಉಚಿತ ಕ್ಯಾಸಿನೋ ಆಟಗಳು: ಶ್ರಾವಕರ ಮನೆಯಲ್ಲಿ ಇರಬೇಕಾದ ಎಚ್ಚರ ಮತ್ತು ನಿಯಮ

ಮೊಬೈಲಿನಲ್ಲಿ ಹಣ ಕಟ್ಟದೆ ಆಡುವ ಸ್ಲಾಟ್, ರೂಲೆಟ್, ಪೋಕರ್, ತೀನ್ ಪತ್ತಿ ಮುಂತಾದವನ್ನು ಉಚಿತ ಕ್ಯಾಸಿನೋ ಆಟಗಳು ಎನ್ನುತ್ತಾರೆ. ಆಡಲು ಬೇಕಾದ ನಾಣ್ಯಗಳನ್ನು ಆ್ಯಪ್‌ನವರೇ ಕೊಡುತ್ತಾರೆ. ಗೆದ್ದ ನಾಣ್ಯ ರೂಪಾಯಿ ಆಗುವುದಿಲ್ಲ, ಸೋತರೆ ಜೇಬಿನಿಂದ ಏನೂ ಹೋಗುವುದಿಲ್ಲ. ಆದ್ದರಿಂದ "ಇದು ಜೂಜಲ್ಲ, ಬರೀ ಟೈಂಪಾಸ್" ಎಂಬ ಮಾತು ನಮ್ಮ ಸಮಾಜದ ಮನೆಗಳಲ್ಲೂ ಕೇಳಿಬರುತ್ತಿದೆ. ಪಾಠಶಾಲೆಗೆ ಹೋಗುವ ಮಕ್ಕಳೂ ಆಡುತ್ತಾರೆ, ಅಂಗಡಿಯ ಗಲ್ಲಾದಲ್ಲಿ ಕುಳಿತ ಹಿರಿಯರೂ ಆಡುತ್ತಾರೆ. ಈ ಆಟಗಳ ಬಗ್ಗೆ ಧರ್ಮ, ವ್ಯವಹಾರ ಮತ್ತು ಆರೋಗ್ಯದ ದೃಷ್ಟಿಯಿಂದ ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಪಣವಿಲ್ಲದ ಆಟ ದ್ಯೂತವೇ?

ಸಪ್ತವ್ಯಸನಗಳಲ್ಲಿ ಮೊದಲನೆಯದು ದ್ಯೂತ. ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಸಂಗ ಅದರ ನಂತರ ಬರುತ್ತವೆ. ಪಣವಿಲ್ಲದಿದ್ದರೆ ದ್ಯೂತವಲ್ಲ ಎಂದು ವಾದಿಸಬಹುದು. ಆದರೆ ಶ್ರಾವಕಾಚಾರದಲ್ಲಿ ವಿಚಾರ ಅಲ್ಲಿಗೇ ಮುಗಿಯುವುದಿಲ್ಲ. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪವನ್ನು ತಡೆಯಲು ಅನರ್ಥದಂಡ ವ್ರತವಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಅನರ್ಥದಂಡದ ಐದು ಬಗೆಗಳನ್ನು ಹೇಳುತ್ತದೆ. ಪರರ ಜಯ-ಪರಾಜಯ, ಪರರ ಧನಹರಣ ಹೇಗಾದೀತು ಎಂಬ ಚಿಂತನೆಯನ್ನೂ ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯು ಅಪಧ್ಯಾನದಲ್ಲಿ ಸೇರಿಸಿದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದ್ಯೂತವನ್ನು ದೂರವಿಡಬೇಕೆಂದು ಹೇಳಿರುವುದೂ ಅನರ್ಥದಂಡದ ಪ್ರಕರಣದಲ್ಲಿಯೇ.

ಉಚಿತ ಆಟದಲ್ಲಿ ಹಣ ಇಲ್ಲದಿದ್ದರೂ ಎದುರಾಳಿ ಸೋಲಲಿ ಎಂಬ ಆಸೆ, ಇನ್ನೊಂದು ಸುತ್ತಿನ ಹಂಬಲ, ಕಳೆದುಹೋಗುವ ಹೊತ್ತು ಎಲ್ಲವೂ ಇವೆ. ಉಳಿಯುವುದು ಹಣ ಮಾತ್ರ. ಅಭ್ಯಾಸ ಮಾತ್ರ ಜೂಜಿನದೇ.

ಆಟ ಕೈಬಿಡದಂತೆ ಮಾಡುವ ಏರ್ಪಾಡು

ಯಾವ ಸುತ್ತಿನಲ್ಲಿ ಗೆಲುವು ಬರುತ್ತದೆ ಎಂದು ಆಟಗಾರನಿಗೆ ಗೊತ್ತಾಗುವುದಿಲ್ಲ. ಹೀಗೆ ಲೆಕ್ಕಕ್ಕೆ ಸಿಗದೆ ಬರುವ ಬಹುಮಾನವೇ ಮನಸ್ಸನ್ನು ಹೆಚ್ಚು ಹಿಡಿದಿಡುತ್ತದೆ. ಮೂರು ಚಿತ್ರಗಳಲ್ಲಿ ಎರಡು ಕೂಡಿ ಮೂರನೆಯದು ಸ್ವಲ್ಪದರಲ್ಲಿ ತಪ್ಪಿದಾಗ, ಸೋತಿದ್ದರೂ ಗೆಲುವು ಹತ್ತಿರವಿತ್ತು ಎನಿಸುತ್ತದೆ. ದಿನವೂ ಬಂದರೆ ಹೆಚ್ಚು ಬೋನಸ್, ಇಷ್ಟು ಗಂಟೆಗೊಮ್ಮೆ ಉಚಿತ ನಾಣ್ಯ ಎಂಬ ಆಮಿಷವೂ ಇರುತ್ತದೆ. ಆಟಕ್ಕೆ ಹುರುಪು ಬಂದ ಹೊತ್ತಿಗೆ ನಾಣ್ಯ ಖಾಲಿಯಾಗುತ್ತದೆ, ಆಗ "ನಾಣ್ಯ ಕೊಳ್ಳಿ" ಎಂಬ ಬಟನ್ ಬರುತ್ತದೆ. ಕೊಂಡ ನಾಣ್ಯವನ್ನು ಮತ್ತೆ ಹಣವಾಗಿಸಲು ಬರುವುದಿಲ್ಲ. ಅದು ಪೂರ್ತಿ ಖರ್ಚಿನ ಬಾಬ್ತು.

ಇನ್ನೊಂದು ಮಾತು. ಉಚಿತ ಆಟದಲ್ಲಿ ಎಷ್ಟು ಗೆಲ್ಲಿಸಿದರೂ ಆ್ಯಪ್‌ನವರಿಗೆ ನಷ್ಟವಿಲ್ಲ. ಅಲ್ಲಿನ ಗೆಲುವನ್ನು ತನ್ನ ಕೈಗುಣವೆಂದು ನಂಬಿ ಹಣದ ಆಟಕ್ಕೆ ಇಳಿದವನು ಮೋಸಹೋಗುತ್ತಾನೆ.

ಮನೆಯಲ್ಲಿ ಪಾಲಿಸಬಹುದಾದ ನಿಯಮಗಳು

ಆಡದಿರುವುದೇ ಉತ್ತಮ. ಈಗಾಗಲೇ ಆಡುತ್ತಿರುವವರು ಕೂಡಲೇ ಬಿಡಲಾಗದಿದ್ದರೆ ಈ ಕೆಳಗಿನಂತೆ ಮಿತಿ ಹಾಕಿಕೊಳ್ಳಬಹುದು.

1. ಹೊತ್ತಿನ ಮಿತಿ: ದಿನಕ್ಕೆ ಇಷ್ಟೇ ನಿಮಿಷ ಎಂದು ನಿಯಮ ತೆಗೆದುಕೊಂಡು ಮನೆಯವರಿಗೆ ತಿಳಿಸಬೇಕು. ಫೋನಿನ ಸೆಟ್ಟಿಂಗ್‌ನಲ್ಲಿ ಆ್ಯಪ್‌ಗೆ ಟೈಮರ್ ಇಡಬೇಕು.

2. ಲೆಕ್ಕ: ಒಂದು ವಾರ ಆಡಿದ ಹೊತ್ತನ್ನು ಅಂಗಡಿಯ ಕೀರ್ದಿಯಂತೆ ದಿನದಿನವೂ ಬರೆದಿಡಬೇಕು. ಒಂದು ಸಾಮಾಯಿಕಕ್ಕೆ 48 ನಿಮಿಷ. ಅದಕ್ಕೆ ಬಿಡುವಿಲ್ಲ ಎನ್ನುವವರು ಆಟಕ್ಕೆ ಎಷ್ಟು ಕೊಟ್ಟಿದ್ದಾರೆ ಎಂಬುದು ಆಗ ತಾನಾಗಿ ಕಾಣುತ್ತದೆ.

3. ಹಣದ ಬಾಗಿಲು: ಹತ್ತು ರೂಪಾಯಿಯ ನಾಣ್ಯವನ್ನೂ ಕೊಳ್ಳಬಾರದು. ಪ್ಲೇ ಸ್ಟೋರ್‌ನಲ್ಲಿ ಖರೀದಿಗೆ ಪಾಸ್‌ವರ್ಡ್ ಕಡ್ಡಾಯ ಮಾಡಿ, ಉಳಿಸಿಟ್ಟ ಕಾರ್ಡ್ ವಿವರ ತೆಗೆಯಬೇಕು. ಯುಪಿಐ ಪಿನ್ ಮಕ್ಕಳಿಗೆ ಹೇಳಬಾರದು.

4. ಆಡಬಾರದ ಹೊತ್ತು: ಊಟದಲ್ಲಿ, ಗಿರಾಕಿಗಳ ಎದುರು, ಮಲಗುವ ಮುನ್ನ, ಬೇಸರ ಅಥವಾ ಸಿಟ್ಟು ಇರುವಾಗ ಆಡಬಾರದು. ಆ್ಯಪ್‌ನ ನೋಟಿಫಿಕೇಶನ್ ನಿಲ್ಲಿಸಬೇಕು.

5. ಲಿಂಕ್‌ಗಳು: ಆಟದ ನಡುವೆ ಬರುವ ಜಾಹೀರಾತು, ವಾಟ್ಸಾಪ್ ಅಥವಾ ಟೆಲಿಗ್ರಾಂನಲ್ಲಿ ಬರುವ ಲಿಂಕ್ ಒತ್ತಬಾರದು. ಉಚಿತದಿಂದ ಹಣದ ಆಟಕ್ಕೆ ದಾರಿ ಆಗುವುದು ಹೆಚ್ಚಾಗಿ ಇಲ್ಲಿಂದಲೇ.

6. ಪರ್ವದ ದಿನಗಳು: ದಶಲಕ್ಷಣ ಅಥವಾ ಪರ್ಯುಷಣದಲ್ಲಿ ಪೂರ್ತಿ ತ್ಯಾಗ ಮಾಡಿ ನೋಡಬೇಕು. ಅಷ್ಟು ದಿನ ಬಿಟ್ಟವರು ಚಾತುರ್ಮಾಸದ ನಾಲ್ಕು ತಿಂಗಳಿಗೂ ನಿಯಮ ಹಿಡಿಯಬಹುದು. ದೀಪಾವಳಿ ಮಹಾವೀರ ಸ್ವಾಮಿಯ ನಿರ್ವಾಣದ ಪರ್ವ. ಆ ರಾತ್ರಿ ಇಸ್ಪೀಟು ಆಡುವ ರೂಢಿ ಫೋನಿನಲ್ಲೂ ಬೇಡ.

ಕಾನೂನು

ಹಣ ಕಟ್ಟಿ ಹಣ ಗೆಲ್ಲುವ ಆಸೆಯಿಂದ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದ ಇದರಲ್ಲಿಲ್ಲ. ಇಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಜಾಹೀರಾತು ಮಾಡುವವರಿಗೂ ಶಿಕ್ಷೆ ಇದೆ. ಆಡಿದವರಿಗೆ ಇದರಲ್ಲಿ ಶಿಕ್ಷೆ ಇಟ್ಟಿಲ್ಲ. ಆದ್ದರಿಂದ ಹಣ ಕಳೆದುಕೊಂಡವರು ಹೆದರಿ ಸುಮ್ಮನಿರಬಾರದು. ವಂಚನೆ ಆಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು.

ಹಿಡಿತ ತಪ್ಪಿದರೆ

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಜೂಜಿನ ಚಟವೂ ಗೇಮಿಂಗ್ ಚಟವೂ ಸೇರಿವೆ. ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು, ಆಡಿದ್ದನ್ನು ಮುಚ್ಚಿಡುವುದು, ನಿದ್ದೆಗೆಡುವುದು, ಓದು ಅಥವಾ ವ್ಯಾಪಾರ ಹಿಂದೆ ಬೀಳುವುದು, ಕೈಸಾಲ ಕೇಳುವುದು ಇದರ ಲಕ್ಷಣಗಳು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಗೇಮಿಂಗ್ ಚಟಕ್ಕೆಂದೇ ಶಟ್ ಕ್ಲಿನಿಕ್ ಇದೆ.

ಮಗ ಅಥವಾ ಸೊಸೆ ಆಟಕ್ಕೆ ಬಿದ್ದದ್ದು ತಿಳಿದಾಗ ಸಮಾಜದಲ್ಲಿ ಮಾನ ಹೋಗುತ್ತದೆಂದು ಮನೆಯವರು ಸುಮ್ಮನಾಗುವುದುಂಟು. ಮಾತು ಮುಚ್ಚಿಟ್ಟಷ್ಟೂ ಸಾಲ ಬೆಳೆಯುತ್ತದೆ, ಬಿದ್ದವರು ಒಂಟಿಯಾಗುತ್ತಾರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ ಮತ್ತು ಸ್ಥಿತೀಕರಣ ಅಕ್ಕಪಕ್ಕದಲ್ಲಿವೆ. ತಪ್ಪನ್ನು ಊರಿಗೆ ಸಾರದಿರುವುದು ಉಪಗೂಹನ, ಜಾರಿದವರನ್ನು ಮತ್ತೆ ದಾರಿಯಲ್ಲಿ ನಿಲ್ಲಿಸುವುದು ಸ್ಥಿತೀಕರಣ. ಮುನಿಮಾರ್ಗದಲ್ಲಿ ಮನಸ್ಸು ಸಡಿಲಿಸಿದ ಗೆಳೆಯನನ್ನು ವಾರಿಷೇಣ ಮುನಿಗಳು ಹೀಗೆಯೇ ಸ್ಥಿರಗೊಳಿಸಿದರು. ಮುಚ್ಚಿಟ್ಟು ಸುಮ್ಮನಾದರೆ ಮೊದಲನೆಯದಷ್ಟೇ ಆಯಿತು. ಎರಡನೆಯದನ್ನೂ ಮಾಡಬೇಕಾದವರು ಮನೆಯವರೇ.

ಜೈ ಜಿನೇಂದ್ರ.