ಪಾಸ್ತಾ ತಂದವನು ಮಾರ್ಕೊ ಪೋಲೊ ಅಲ್ಲ: ಒಂದು ತಿದ್ದುಪಡಿ



ಇಂದಿನ ಬರಹ ಒಂದು ತಪ್ಪೊಪ್ಪಿಗೆಯಿಂದ ಆರಂಭವಾಗುತ್ತದೆ. ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಗಳಲ್ಲಿ ನಾನು ಪಾಠ ಹೇಳತೊಡಗಿ ಇಪ್ಪತ್ತು ವರ್ಷ ದಾಟಿದವು. ಇತಿಹಾಸದ ತಾಸಿನಲ್ಲಿ ಮಾರ್ಕೊ ಪೋಲೊನ ಹೆಸರು ಬಂದಾಗಲೆಲ್ಲ ಮಕ್ಕಳಿಗೆ ರುಚಿ ಹತ್ತಲೆಂದು ಒಂದು ಮಾತು ಸೇರಿಸುತ್ತಿದ್ದೆ. "ಅಂಗಡಿಯಲ್ಲಿ ಪಾಸ್ತಾ ಅಂತ ಸಿಗುತ್ತದಲ್ಲ, ಅದನ್ನು ಚೀನಾದಿಂದ ಇಟಲಿಗೆ ಒಯ್ದವನು ಇವನೇ" ಎಂದು. ಎಲ್ಲೋ ಓದಿದ್ದು, ಯಾರೋ ಹೇಳಿದ್ದು. ಖಾತ್ರಿ ಮಾಡಿಕೊಂಡಿರಲಿಲ್ಲ.

ಒಮ್ಮೆ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರ, ಅಂವ ತರೂಕಿಂತ ಮೊದಲ ಇಟಲಿಯವರು ಏನ್ ತಿಂತಿದ್ರೀ?" ಎಂದಳು. ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಉತ್ತರ ಗೊತ್ತಿರಲಿಲ್ಲ. ಆಕೆಯ ಅಣ್ಣ ಪುಣೆಯಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ದೀಪಾವಳಿಗೆ ಊರಿಗೆ ಬಂದವನು ಮನೆಯವರಿಗೆಲ್ಲ ಒಂದೇ ಪಾತ್ರೆಯಲ್ಲಿ ಕೋಳಿ, ಪಾಸ್ತಾ, ಕೆನೆ ಹಾಕಿ ಬೇಯಿಸಿ ಬಡಿಸಿದ್ದನಂತೆ. ಹಾಗಾಗಿ ಅವಳಿಗೆ ಅದು ಬರೀ ಪಾಠದ ಮಾತಾಗಿರಲಿಲ್ಲ, ಅಣ್ಣನ ಕೈಯಡುಗೆಯ ಮಾತಾಗಿತ್ತು. "ನಾಳೆ ಹೇಳ್ತೀನಿ" ಎಂದೆ. ಆ ನಾಳೆ ಬರಲು ಮೂರು ವಾರ ಹಿಡಿಯಿತು. ಸಿಕ್ಕಿದ್ದನ್ನೆಲ್ಲ ಓದಿದ ಮೇಲೆ ತಿಳಿದದ್ದು ಇಷ್ಟು.

ಮಾರ್ಕೊ ಪೋಲೊ ಪೂರ್ವ ದೇಶಗಳ ಪ್ರವಾಸ ಮುಗಿಸಿ ವೆನಿಸ್ಸಿಗೆ ಮರಳಿದ್ದು 1295ರಲ್ಲಿ. ಆದರೆ ಅದಕ್ಕೂ 16 ವರ್ಷ ಮೊದಲು, 1279ರಲ್ಲಿ, ಇಟಲಿಯ ಜಿನೋವಾ ಪಟ್ಟಣದಲ್ಲಿ ಒಬ್ಬ ಸೈನಿಕನ ಆಸ್ತಿಯ ಯಾದಿ ಬರೆದಿಟ್ಟ ಕಾಗದವಿದೆ. ಆ ಯಾದಿಯಲ್ಲಿ ಒಂದು ಪೆಟ್ಟಿಗೆ ತುಂಬ ಮೆಕರೋನಿ ಎಂದು ನಮೂದಾಗಿದೆ. ಮನೆಯ ಸಾಮಾನಿನ ಜೊತೆ ಲೆಕ್ಕಕ್ಕೆ ಹಿಡಿದಿದ್ದಾರೆ ಅಂದಮೇಲೆ ಅದು ಒಣಗಿಸಿ ಇಟ್ಟ, ಕೆಡದ, ಬೆಲೆಯುಳ್ಳ ವಸ್ತುವೇ ಇರಬೇಕು.

ಇನ್ನೂ ಹಿಂದೆ ಹೋಗೋಣ. ಸಿಸಿಲಿ ದ್ವೀಪವನ್ನು ಆಗ ಆಳುತ್ತಿದ್ದವನು ನಾರ್ಮನ್ ದೊರೆ ಎರಡನೆಯ ರೋಜರ್. ಆತ ಕ್ರೈಸ್ತ. ಅವನ ಆಸ್ಥಾನದಲ್ಲಿ ಭೂಗೋಳ ಬರೆದವನು ಅಲ್-ಇದ್ರೀಸಿ ಎಂಬ ಅರಬ್ ಪಂಡಿತ. 1154ರಲ್ಲಿ ಮುಗಿದ ಆ ಗ್ರಂಥದಲ್ಲಿ ಪಲೆರ್ಮೊ ಹತ್ತಿರದ ತ್ರಾಬಿಯಾ ಎಂಬ ಊರಿನ ವರ್ಣನೆಯಿದೆ. ಅಲ್ಲಿ ಹರಿಯುವ ನೀರು, ಹಿಟ್ಟಿನ ಗಿರಣಿಗಳು, ಹೇರಳವಾಗಿ ತಯಾರಾಗುವ ಇತ್ರಿಯ್ಯಾ. ಅದು ಹಡಗುಗಟ್ಟಲೆ ಕಲಾಬ್ರಿಯಾಕ್ಕೂ ಮುಸಲ್ಮಾನರ ಮತ್ತು ಕ್ರೈಸ್ತರ ನಾಡುಗಳಿಗೂ ಹೋಗುತ್ತಿತ್ತು ಎಂದು ಬರೆದಿದ್ದಾನೆ. ಇತ್ರಿಯ್ಯಾ ಅಂದರೆ ಗೋಧಿ ರವೆಯನ್ನು ನಾದಿ ಎಳೆ ಮಾಡಿ ಒಣಗಿಸಿದ್ದು. ನಮ್ಮ ಮಾತಿನಲ್ಲಿ ಶಾವಿಗೆಯೇ ಸರಿ! ಒಂಬತ್ತನೆಯ ಶತಮಾನದ ಸಿರಿಯಾ ಕಡೆಯ ಒಬ್ಬ ವೈದ್ಯನ ನಿಘಂಟಿನಲ್ಲೂ ಈ ಪದಕ್ಕೆ ಅದೇ ಅರ್ಥ ಕೊಟ್ಟಿದೆ.

ಹಾಗಾದರೆ ಮಾರ್ಕೊ ಪೋಲೊನ ಕತೆ ಎಲ್ಲಿಂದ ಬಂತು? ಇದು ನನಗೆ ಎಲ್ಲಕ್ಕಿಂತ ನಾಚಿಕೆ ತಂದ ಸಂಗತಿ. ಅಮೆರಿಕದ ಪಾಸ್ತಾ ತಯಾರಕರ ಸಂಘ 'ಮೆಕರೋನಿ ಜರ್ನಲ್' ಎಂಬ ಪತ್ರಿಕೆ ಹೊರಡಿಸುತ್ತಿತ್ತು. 1929ರಲ್ಲಿ ಅದರಲ್ಲಿ ಒಂದು ಕಟ್ಟುಕತೆ ಅಚ್ಚಾಯಿತು. ಮಾರ್ಕೊ ಪೋಲೊನ ಹಡಗಿನಲ್ಲಿ ಸ್ಪಗೆಟ್ಟಿ ಎಂಬ ಹೆಸರಿನ ನಾವಿಕನಿದ್ದನಂತೆ, ಅವನು ಚೀನಾದ ಹಳ್ಳಿಯಲ್ಲಿ ಹಿಟ್ಟಿನ ಎಳೆ ಮಾಡುವುದನ್ನು ನೋಡಿದನಂತೆ! 1938ರಲ್ಲಿ ಮಾರ್ಕೊ ಪೋಲೊನ ಮೇಲೆ ಬಂದ ಹಾಲಿವುಡ್ ಚಿತ್ರವೂ ಇದೇ ನಂಬಿಕೆಗೆ ನೀರೆರೆಯಿತು. ಅಂದರೆ ವ್ಯಾಪಾರಸ್ಥರ ಪತ್ರಿಕೆಯ ಕತೆಯನ್ನು ನಾನು ಇತಿಹಾಸವೆಂದು ಪಾಠ ಮಾಡುತ್ತಿದ್ದೆ.

ಚೀನಾದವರಿಗೆ ಇದರ ವಿದ್ಯೆ ಇರಲಿಲ್ಲವೆಂದಲ್ಲ. ಅಲ್ಲಿಯ ಲಾಜಿಯಾ ಎಂಬ ಸ್ಥಳದ ಉತ್ಖನನದಲ್ಲಿ ಸುಮಾರು 4000 ವರ್ಷ ಹಳೆಯ, ಮಣ್ಣಿನ ಬಟ್ಟಲು ಕವುಚಿ ಉಳಿದಿದ್ದ ನೂಡಲ್ಸ್ ಸಿಕ್ಕಿತೆಂದು 2005ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದು ಯಾವ ಹಿಟ್ಟಿನದು ಗೊತ್ತೇ? ನವಣೆ ಮತ್ತು ಬರಗಿನದು ಎಂದು ಅವರ ಅಭಿಪ್ರಾಯ. ಆ ಹಿಟ್ಟಿಗೆ ಜಿಗುಟು ಇಲ್ಲ, ಅಷ್ಟು ಉದ್ದ ಎಳೆ ಬರುವುದು ಕಷ್ಟ ಎಂದು ಆಕ್ಷೇಪಿಸಿದವರೂ ಇದ್ದಾರೆ. ಏನೇ ಇರಲಿ, ಚೀನಾದ ದಾರಿ ಬೇರೆ, ಸಿಸಿಲಿಯ ದಾರಿ ಬೇರೆ. ಒಬ್ಬನೇ ಒಬ್ಬ ಹಡಗಿನಲ್ಲಿ ಹೊತ್ತು ತಂದದ್ದು ಮಾತ್ರ ಸುಳ್ಳು.

ಇನ್ನು ಗೋಧಿಯ ವಿಚಾರ. ಒಣ ಪಾಸ್ತಾಕ್ಕೆ ಬೇಕಾದದ್ದು ಡ್ಯೂರಂ ಎಂಬ ಗಟ್ಟಿ ಗೋಧಿ. ಅದರ ರವೆಯಿಂದ ಮಾಡಿದ್ದು ಒಣಗಿದರೆ ವರ್ಷಗಟ್ಟಲೆ ಇರುತ್ತದೆ, ಕುದಿಸಿದರೆ ಮುದ್ದೆಯಾಗುವುದಿಲ್ಲ. ಹಡಗಿನ ವ್ಯಾಪಾರ ಸಾಧ್ಯವಾದದ್ದು ಈ ಗುಣದಿಂದಲೇ. ಈ ಡ್ಯೂರಂ ಹುಟ್ಟಿದ್ದು ಎಮ್ಮರ್ ಎಂಬ ಪುರಾತನ ಗೋಧಿಯಿಂದ. ಎಮ್ಮರ್ ಅಂದರೆ ಬೇರೇನಲ್ಲ, ನಮ್ಮ ಕಡೆ ಜವೆಗೋಧಿ ಎಂದೂ ಮರಾಠಿಯಲ್ಲಿ ಖಪಲಿ ಎಂದೂ ಕರೆಯುವ ಗೋಧಿಯೇ. ಬೇಸಿಗೆ ರಜೆಯಲ್ಲಿ ನಮ್ಮವ್ವ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಶಾವಿಗೆ ಹೊಸೆಯುವಾಗ, ಬೆರಳ ತುದಿಯಲ್ಲಿ ಗವಲಿ, ಸವತಿಬೀಜ ಮಾಡುವಾಗ, ಸಿಸಿಲಿಯ ಹೆಣ್ಣುಮಕ್ಕಳು ಇಂಥದೇ ಕೆಲಸ ಮಾಡುತ್ತಿದ್ದಾರೆಂದು ಯಾರಿಗೆ ಗೊತ್ತಿತ್ತು! ನಮ್ಮ ಶಾವಿಗೆ ಅಲ್ಲಿಂದ ಬಂತು, ಅವರದು ಇಲ್ಲಿಂದ ಹೋಯಿತು ಎಂದು ನಾನು ಹೇಳುತ್ತಿಲ್ಲ. ಒಂದು ತಪ್ಪು ತಿದ್ದಲು ಹೋಗಿ ಇನ್ನೊಂದು ಮಾಡುವುದು ಬೇಡ.

ಈಗ ಆ ಹುಡುಗಿಯ ಅಣ್ಣ ಮಾಡಿದ ಅಡುಗೆಗೆ ಬರೋಣ. ಕೋಳಿ, ಕೆನೆ, ಒಂದೇ ಪಾತ್ರೆ, ಇವು ಪಾಸ್ತಾದ ಜೊತೆ ಸೇರಿದ್ದು ಹೇಗೆ?

ಇಟಲಿಯ ಬೊಕಾಚಿಯೊ ಎಂಬ ಲೇಖಕ 1350ರ ಆಸುಪಾಸಿನಲ್ಲಿ ಬರೆದ 'ಡೆಕಮೆರಾನ್' ಎಂಬ ಕಥಾಸಂಗ್ರಹದಲ್ಲಿ ಒಬ್ಬ ಮುಗ್ಧನಿಗೆ ಗೆಳೆಯ ಒಂದು ಕಾಲ್ಪನಿಕ ನಾಡಿನ ವರ್ಣನೆ ಮಾಡುತ್ತಾನೆ. ಅಲ್ಲಿ ತುರಿದ ಚೀಸಿನದೇ ಒಂದು ಗುಡ್ಡವಿದೆ, ಗುಡ್ಡದ ಮೇಲಿನವರಿಗೆ ಮೆಕರೋನಿ ಮಾಡಿ, ಕೊಬ್ಬಿಸಿದ ಹುಂಜದ ಸಾರಿನಲ್ಲಿ ಬೇಯಿಸಿ, ಕೆಳಕ್ಕೆ ಉರುಳಿಸುವುದೇ ಕೆಲಸ, ಆರಿಸಿಕೊಂಡವನಿಗೆ ಸಿಕ್ಕಷ್ಟು. ಬಡವನ ಸ್ವರ್ಗ ಅಂದರೆ ಇದು. ಹೊಟ್ಟೆ ತುಂಬ ಕೋಳಿಸಾರಿನ ಪಾಸ್ತಾ ಅಂದು ಕನಸಿನ ಊಟವಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. ನೂರು ವರ್ಷದ ನಂತರ ಮಾರ್ತಿನೊ ಎಂಬ ಹೆಸರಾಂತ ಬಾಣಸಿಗ ಬರೆದ ಅಡುಗೆ ಪುಸ್ತಕದಲ್ಲೂ ಎಳೆಗಳನ್ನು ಮಾಂಸದ ಅಥವಾ ಕೋಳಿಯ ಸಾರಿನಲ್ಲೇ ಬೇಯಿಸುವ ವಿಧಾನವಿದೆ. ಸಿಸಿಲಿಯ ಮೆಕರೋನಿಯನ್ನು ಎರಡು ತಾಸು ಕುದಿಸಬೇಕು ಎನ್ನುತ್ತಾನೆ ಆತ! ಪಾಸ್ತಾವನ್ನು ಬಹಳ ನೀರಿನಲ್ಲಿ ಅರೆಗಡುಸಾಗಿ ಬೇಯಿಸಿ ಬಸಿಯುವ ಇಂದಿನ ಇಟಲಿಯ ಕಟ್ಟಳೆ ಆಮೇಲಿನದು. ಸಾರಿನಲ್ಲೇ ಬೇಯಿಸುವ ಒಂದೇ ಪಾತ್ರೆಯ ಕ್ರಮ ಅದಕ್ಕಿಂತ ಹಳೆಯದು ಎನ್ನಬಹುದು.

ಕೆನೆಯ ಕತೆ ರೋಮಿನಲ್ಲಿ ಆರಂಭವಾಗುತ್ತದೆ. ಆಲ್ಫ್ರೆಡೊ ಡಿ ಲೇಲಿಯೊ ಎಂಬಾತನ ಖಾನಾವಳಿಯಲ್ಲಿ ಅಗಲ ಪಟ್ಟಿಯ ಪಾಸ್ತಾಕ್ಕೆ ಬೆಣ್ಣೆ ಮತ್ತು ಪಾರ್ಮಾ ಸೀಮೆಯ ಚೀಸ್ ಕಲಸಿ ಕೊಡುತ್ತಿದ್ದರು. ಬಾಣಂತಿ ಹೆಂಡತಿಗೆ ಊಟ ಸೇರದಿದ್ದಾಗ ಮಾಡಿದ್ದು ಎಂದು ಆ ಮನೆಯವರ ಹೇಳಿಕೆ. ಅದರಲ್ಲಿ ಕೆನೆ ಇರಲಿಲ್ಲ. 1920ರಲ್ಲಿ ಹಾಲಿವುಡ್ ನಟಿ ಮೇರಿ ಪಿಕ್‌ಫರ್ಡ್ ಮತ್ತು ನಟ ಡಗ್ಲಸ್ ಫೇರ್‌ಬ್ಯಾಂಕ್ಸ್ ಮದುವೆಯಾದ ಹೊಸತರಲ್ಲಿ ಅಲ್ಲಿ ಉಂಡರು. ಮುಂದೆ ಬಂಗಾರದ ಚಮಚ, ಮುಳ್ಳುಚಮಚ ಕಾಣಿಕೆ ಕೊಟ್ಟರು. ಹೆಸರು ಅಮೆರಿಕ ಮುಟ್ಟಿತು. ಅಲ್ಲಿಗೆ 1880ರಿಂದ 1924ರ ನಡುವೆ ಸುಮಾರು 40 ಲಕ್ಷ ಇಟಾಲಿಯನ್ನರು ವಲಸೆ ಹೋಗಿದ್ದರು; ಬಹುಪಾಲು ದಕ್ಷಿಣ ಇಟಲಿಯ ಬಡವರು. ಆ ನೆಲದ ಬೆಣ್ಣೆ, ಚೀಸು ಬೇರೆ. ಅವು ಇಟಲಿಯ ಹದಕ್ಕೆ ಬರುವಂತಿರಲಿಲ್ಲ. ಹಾಗಾಗಿ ಕೆನೆ ಸೇರಿತು, ಮುಂದೆ ಕೋಳಿಯೂ ಸೇರಿತು. ಇಂದಿಗೂ ಇಟಲಿಯ ಮನೆಗಳಲ್ಲಿ ಪಾಸ್ತಾದ ಮೇಲೆ ಕೋಳಿಯ ತುಂಡು ಹಾಕುವುದು ರೂಢಿಯಲ್ಲ.

ಕೋಳಿ ಅಗ್ಗವಾಗದೆ ಇದು ವಾರದ ಊಟವಾಗುತ್ತಿರಲಿಲ್ಲ. ನಮ್ಮಲ್ಲೂ ಬ್ರಾಯ್ಲರ್ ಬರುವ ಮೊದಲು ಕೋಳಿ ಕೊಯ್ಯುವುದೆಂದರೆ ಬೀಗರು ಬಂದಾಗಲೋ ಜಾತ್ರೆಗೋ ಅಷ್ಟೆ. ಅಮೆರಿಕದಲ್ಲೂ ಕೋಳಿ ಮೊಟ್ಟೆಗೆಂದು ಸಾಕುವ ಪಕ್ಷಿಯಾಗಿತ್ತು, ಮಾಂಸ ತುಟ್ಟಿ. 1923ರಲ್ಲಿ ಡೆಲವೇರ್ ರಾಜ್ಯದ ಸೆಸಿಲ್ ಸ್ಟೀಲ್ ಎಂಬ ರೈತ ಮಹಿಳೆ 50 ಮರಿ ತರಿಸಿದರೆ ತಪ್ಪಿ 500 ಬಂದವು. ಆಕೆ ಮರಳಿಸಲಿಲ್ಲ. ಮಾಂಸಕ್ಕಾಗಿಯೇ ಬೆಳೆಸಿ ಮಾರಿದಳು, ಲಾಭವಾಯಿತು. 1926ರ ಹೊತ್ತಿಗೆ 10,000 ಕೋಳಿ ಹಿಡಿಯುವ ಮನೆ ಕಟ್ಟಿಸಿದ್ದಳು. 1940ರ ದಶಕದ ಕೊನೆಗೆ ಬೇಗ ಬೆಳೆಯುವ, ಎದೆ ತುಂಬಿದ ತಳಿಗಾಗಿ ದೇಶಮಟ್ಟದ ಸ್ಪರ್ಧೆಯನ್ನೇ ನಡೆಸಿದರು. ಇಂದಿನ ಬ್ರಾಯ್ಲರ್ ಆ ದಾರಿಯಲ್ಲಿ ಬಂದದ್ದು.

ಮತ್ತೆ ಒಂದೇ ಪಾತ್ರೆ ಏಕೆ? ಇದಕ್ಕೆ ಉತ್ತರ ಅಡುಗೆಮನೆಯ ಹೊರಗಿದೆ. ಅಮೆರಿಕದಲ್ಲಿ ದುಡಿಮೆಗೆ ಹೋಗುವ ಹೆಂಗಸರ ಪಾಲು 1950ರಲ್ಲಿ ನೂರಕ್ಕೆ ಸುಮಾರು 34, 1970ರಲ್ಲಿ ಸುಮಾರು 43, 1999ರಲ್ಲಿ 60. ದುಡಿದು ಸಂಜೆ ಮನೆಗೆ ಬಂದವಳಿಗೆ ಅಡುಗೆಯೂ ಅವಳ ಪಾಲಿಗೇ, ಭಾಂಡೆ ತಿಕ್ಕುವುದೂ ಅವಳ ಪಾಲಿಗೇ. 1971ರಲ್ಲಿ ಅಲ್ಲಿಯ ಒಂದು ಕಂಪನಿ ಹ್ಯಾಂಬರ್ಗರ್ ಹೆಲ್ಪರ್ ಎಂಬ ಪೊಟ್ಟಣವನ್ನು ದೇಶಾದ್ಯಂತ ಮಾರತೊಡಗಿತು. ಒಳಗೆ ಪಾಸ್ತಾ ಮತ್ತು ಮಸಾಲೆಪುಡಿ. ಮನೆಯಲ್ಲಿದ್ದ ಖೈಮಾ ಸೇರಿಸಿ ಒಂದೇ ಬಾಣಲೆಯಲ್ಲಿ ಬೇಯಿಸಿದರಾಯಿತು. 2013ರಲ್ಲಿ ಮಾರ್ಥಾ ಸ್ಟೀವರ್ಟ್ ಅವರ ಮಾಸಿಕ ದಕ್ಷಿಣ ಇಟಲಿಯ ಪುಲಿಯಾದಲ್ಲಿ ಕಂಡ ರೀತಿಯೆಂದು ಒಂದೇ ಪಾತ್ರೆಯ ಪಾಸ್ತಾವನ್ನು ಪ್ರಕಟಿಸಿದ ಮೇಲೆ ಅದು ಜಗತ್ತಿಗೇ ಹಬ್ಬಿತು. ಸಂಜೆಯ ಎಸ್.ಟಿ. ಬಸ್ಸಿನಲ್ಲಿ ನಿಂತು ಊರಿಗೆ ಬಂದು, ಸೆರಗು ಸಿಕ್ಕಿಸಿ ಒಲೆ ಮುಂದೆ ನಿಲ್ಲುವ ನನಗೆ ಈ ಇತಿಹಾಸ ಯಾರೂ ಬಿಡಿಸಿ ಹೇಳದೆಯೂ ತಿಳಿಯುತ್ತದೆ. ನಮ್ಮ ಖಿಚಡಿ, ಹುಗ್ಗಿಗಳೂ ದಣಿದವರು ಕಂಡುಕೊಂಡ ಉಪಾಯಗಳೇ ಅಲ್ಲವೇ?

ಹುಡುಗಿಯ ಅಣ್ಣ ಹೇಳಿಕೊಟ್ಟ ಕ್ರಮ ಇದು, ನಾಲ್ಕು ಜನರಿಗೆ. ಎಲುಬಿಲ್ಲದ ಕೋಳಿ ಕಾಲು ಕಿಲೊಗಿಂತ ತುಸು ಹೆಚ್ಚು, ಸಣ್ಣ ತುಂಡು ಮಾಡಿ ಉಪ್ಪು, ಮೆಣಸು ಹಚ್ಚಿ ಎಣ್ಣೆಯಲ್ಲಿ ಕೆಂಪಗೆ ಹುರಿದು ತೆಗೆದಿಡಬೇಕು. ಅದೇ ಪಾತ್ರೆಯಲ್ಲಿ ಒಂದು ಉಳ್ಳಾಗಡ್ಡಿ, ಐದಾರು ಎಸಳು ಬೆಳ್ಳುಳ್ಳಿ ಬಾಡಿಸಿ, ಮೂರು ಕಪ್ಪು ನೀರು ಅಥವಾ ಕೋಳಿಸಾರು, ಒಂದು ಕಪ್ಪು ಹಾಲು ಹಾಕಿ, ಕುದಿ ಬಂದಾಗ 250 ಗ್ರಾಂ ಪಾಸ್ತಾ ಸುರಿಯಬೇಕು. ತಳ ಹಿಡಿಯದಂತೆ ಆಗಾಗ ಕೈಯಾಡಿಸುತ್ತ ಹತ್ತು ಹನ್ನೆರಡು ನಿಮಿಷ. ಅರ್ಧ ಬೆಂದಾಗ ಕೋಳಿಯನ್ನು ಮರಳಿ ಹಾಕಿ ಪೂರ್ತಿ ಬೇಯಿಸಬೇಕು. ಕೊನೆಗೆ ಉರಿ ತಗ್ಗಿಸಿ ಅರ್ಧ ಕಪ್ಪು ಕೆನೆ, ಒಂದು ಹಿಡಿ ತುರಿದ ಚೀಸ್. ಉರಿ ಜೋರಿದ್ದರೆ ಕೆನೆ ಒಡೆಯುತ್ತದೆ. ನೀರು ಬಸಿಯುವುದಿಲ್ಲವಾದ್ದರಿಂದ ಪಾಸ್ತಾ ಬಿಟ್ಟ ಗಂಜಿಯೆಲ್ಲ ಒಳಗೇ ಉಳಿದು ಸಾರು ಮಂದವಾಗುತ್ತದೆ. ಕೆನೆ ಕಡಿಮೆಯಿದ್ದರೂ ನಡೆಯುತ್ತದೆ. ನಮ್ಮ ಮನೆಯಲ್ಲಿ ಜೊತೆಗೆ ಶೇಂಗಾ ಚಟ್ನಿ ಬೇಕೆಂದರು, ಬೇಡವೆನ್ನಲಿಲ್ಲ.

ಮೂರು ವಾರದ ನಂತರ ತರಗತಿಗೆ ಹೋಗಿ ಹಲಗೆಯ ಮೇಲೆ ಮೂರು ಇಸವಿ ಬರೆದೆ: 1154 ಸಿಸಿಲಿಯ ಇತ್ರಿಯ್ಯಾ, 1279 ಜಿನೋವಾದ ಪೆಟ್ಟಿಗೆ, 1295 ಮಾರ್ಕೊ ಪೋಲೊ ಮರಳಿದ್ದು. "ನಾನು ಹೇಳಿದ್ದರಲ್ಲಿ ತಪ್ಪೇನು, ನೀವೇ ಹುಡುಕಿರಿ" ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಕ್ಕೋರದು ತಪ್ಪು ಎನ್ನಲು ಮಕ್ಕಳಿಗೆ ಅಂಜಿಕೆ. ಕೊನೆಗೆ ಅದೇ ಹುಡುಗಿ ಎದ್ದಳು. "1295ಕ್ಕ ಬಂದಾಂವ 1279ರ ಪೆಟ್ಟಿಗ್ಯಾಗ ಹೆಂಗ ಇಟ್ಟಾನ್ರೀ?" ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಹಲಗೆ ನೋಡುತ್ತಿದ್ದರು.

ಗಡಿಯ ಮಕ್ಕಳಿಗೆ ಒಂದು ಪ್ರಶ್ನೆ ಹುಟ್ಟಿದಾಗಿನಿಂದ ಬೆನ್ನು ಹತ್ತಿರುತ್ತದೆ: ನೀವು ಅಲ್ಲಿಯವರೋ ಇಲ್ಲಿಯವರೋ? ಯಾರದೋ ಬಾಯಿಮಾತನ್ನು ಉತ್ತರವೆಂದು ಒಪ್ಪಿಕೊಳ್ಳದೆ, ಇಸವಿ ಏನು, ದಾಖಲೆ ಯಾವುದು ಎಂದು ಕೇಳುವ ಅಭ್ಯಾಸ ಅವರಿಗೆ ಬೇಕು. ಅದು ಬರಬೇಕಾದರೆ ಮೊದಲು ನಮ್ಮ ತಪ್ಪನ್ನು ಅವರು ತೋರಿಸಲು ಬಿಡಬೇಕು. ಸಹೋದ್ಯೋಗಿ ಶಿಕ್ಷಕ ಶಿಕ್ಷಕಿಯರಲ್ಲಿ ನನ್ನ ವಿನಂತಿ ಇಷ್ಟೆ: ನೀವೂ ಈ ಕತೆ ಹೇಳಿದ್ದರೆ, ಬರುವ ಸೋಮವಾರ ಮೂರು ಇಸವಿ ಹಲಗೆಯ ಮೇಲೆ ಬರೆದು ನೋಡಿರಿ.