ಹೆಸರು ಬಿಟ್ಟುಹೋಗದ ಪಂಡಿತರು

ಇಪ್ಪತ್ತನೇ ಶತಮಾನ ಆಗ ತಾನೇ ಶುರುವಾಗಿತ್ತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿಯ ಕಟ್ಟನ್ನು ಒಪ್ಪಿಸಿದರು. ಜೊತೆಗೆ ಅದೇ ಗ್ರಂಥಕ್ಕೆ ಭಟ್ಟಸ್ವಾಮಿ ಅನ್ನುವವರು ಬರೆದ ವ್ಯಾಖ್ಯಾನದ ಒಂದಿಷ್ಟು ಭಾಗವೂ ಇತ್ತು. ಅಷ್ಟೇ, ಪಂಡಿತರು ಕಥೆಯಿಂದ ಹೊರಗೆ ಹೋದರು. ಮುಂದೆ ಅಚ್ಚಾದ ಪುಸ್ತಕದಲ್ಲಿ ಅವರು ಬರೀ ‘ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು’. ಹೆಸರಿಲ್ಲ.

ಕಟ್ಟಿನಲ್ಲಿ ಇದ್ದದ್ದು ಕೌಟಿಲ್ಯನ ಅರ್ಥಶಾಸ್ತ್ರ.

ಇದು ಎಷ್ಟು ದೊಡ್ಡ ವಿಷಯ ಅಂತ ಈಗ ಅಂದಾಜು ಮಾಡೋದು ಕಷ್ಟ. ಅರ್ಥಶಾಸ್ತ್ರ ಅನ್ನೋ ಹೆಸರು ಎಲ್ಲರಿಗೂ ಗೊತ್ತಿತ್ತು. ಅದರಲ್ಲಿ ಆರು ಸಾವಿರ ಶ್ಲೋಕ ಇದೆ ಎಂದು ದಂಡಿ ‘ದಶಕುಮಾರಚರಿತ’ದಲ್ಲಿ ಹೇಳಿದ್ದಾನೆ. ಬಾಣ ಕವಿ ‘ಕಾದಂಬರಿ’ಯಲ್ಲಿ ಅದನ್ನು ನಿರ್ದಯೆಯ ಶಾಸ್ತ್ರ ಎಂದು ಬೈದಿದ್ದಾನೆ. ಆದರೆ ಪುಸ್ತಕ ಎಲ್ಲಿ? ಆಧುನಿಕ ವಿದ್ವಾಂಸರ ಕೈಗೆ ಸಿಕ್ಕಿರಲಿಲ್ಲ. ಊರೆಲ್ಲ ಮಾತಾಡಿಕೊಳ್ಳುವ, ಯಾರೂ ನೋಡಿರದ ನೆಂಟನ ಹಾಗೆ.

ಈ ಕಡೆ ಕೂತಿದ್ದವರು ಲೈಬ್ರರಿಯ ರುದ್ರಪಟ್ಟಣ ಶಾಮಶಾಸ್ತ್ರಿಗಳು. 1868ರಲ್ಲಿ ಹುಟ್ಟಿದವರು, ಹಾಸನ ಜಿಲ್ಲೆಯಲ್ಲಿ ಕಾವೇರಿ ದಡದ ರುದ್ರಪಟ್ಟಣದವರು. ಓಲೆ ಇದ್ದದ್ದು ಗ್ರಂಥ ಲಿಪಿಯಲ್ಲಿ, ಅಂದರೆ ತಮಿಳು ನಾಡಿನಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿಯಲ್ಲಿ. ಅವರು ಅದನ್ನು ಓದಿದರು, ಇದು ಏನು ಅಂತ ಗುರುತಿಸಿದರು. 1905ರಿಂದ ಭಾಗ ಭಾಗವಾಗಿ ಇಂಗ್ಲಿಷ್ ಅನುವಾದ ಪ್ರಕಟಿಸತೊಡಗಿದರು. 1909ರಲ್ಲಿ ಸಂಸ್ಕೃತ ಮೂಲ ಅಚ್ಚಾಯಿತು, 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ ಬಂತು. ಹದಿನೈದು ಅಧಿಕರಣ, ನೂರೈವತ್ತು ಅಧ್ಯಾಯ. ಉಪ್ಪು, ಗಣಿ, ಹೆಂಡ, ನೂಲು, ತೂಕ-ಅಳತೆ, ಆನೆ, ಗೂಢಚಾರರು, ದುಡ್ಡು ತಿನ್ನುವ ಅಧಿಕಾರಿಗಳು, ಎಲ್ಲದರ ಲೆಕ್ಕವೂ ಅದರಲ್ಲಿದೆ. ಭಾರತೀಯರು ಬರೀ ಮೋಕ್ಷದ ಬಗ್ಗೆ ಯೋಚಿಸಿದರು, ರಾಜ್ಯ ನಡೆಸೋದು ಅವರಿಗೆ ಗೊತ್ತಿರಲಿಲ್ಲ ಅನ್ನುತ್ತಿದ್ದವರು ಆಮೇಲೆ ಆ ಮಾತನ್ನು ಸುಲಭವಾಗಿ ಹೇಳುವ ಹಾಗಿರಲಿಲ್ಲ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ‘ಶಾಮಶಾಸ್ತ್ರಿಗಳು ಕಂಡುಹಿಡಿದರು’ ಅಂತ ಹೇಳ್ತೀವಿ. ಸರಿ, ಆದರೆ ಅರ್ಧ ಸರಿ. ಅವರು ಹುಡುಕಿಕೊಂಡು ಹೋಗಲಿಲ್ಲ, ಅದು ಅವರಿದ್ದಲ್ಲಿಗೆ ಬಂತು. ಬರಲು ಒಂದು ಜಾಗ ಬೇಕಿತ್ತು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ ಆ ಲೈಬ್ರರಿ ಶುರುವಾಗಿರದಿದ್ದರೆ ಪಂಡಿತರು ಕಟ್ಟನ್ನು ಯಾರಿಗೆ ಕೊಡುತ್ತಿದ್ದರು? ನನಗೆ ಇದರಲ್ಲಿ ರಾಜರ ಪಾತ್ರಕ್ಕಿಂತ ಇಷ್ಟವಾಗೋದು, ಬಂದದ್ದನ್ನು ‘ಎಲ್ಲಿಡೋದು ಸ್ವಾಮಿ ಇದನ್ನ’ ಅನ್ನದೆ ಬಿಚ್ಚಿ ಓದಿದ ಆ ಗ್ರಂಥಪಾಲಕರ ತಾಳ್ಮೆ.

ನನ್ನ ಕಸುಬು ಡೇಟಾ ಸೈನ್ಸ್. ಹಾಗಾಗಿ ಈ ಕಥೆಯ ಮುಂದಿನ ಭಾಗ ನನಗೆ ಇನ್ನೂ ರುಚಿ. ಅಮೆರಿಕದ ‘ಫೆಡರಲಿಸ್ಟ್’ ಪ್ರಬಂಧಗಳು ಗೊತ್ತಲ್ಲ? 1787-88ರಲ್ಲಿ ಹ್ಯಾಮಿಲ್ಟನ್, ಜೇ ಮತ್ತು ನಮ್ಮ ವರ್ಜೀನಿಯಾದ ಮ್ಯಾಡಿಸನ್ ಒಂದೇ ಗುಪ್ತನಾಮದಲ್ಲಿ ಬರೆದವು. ಅವುಗಳಲ್ಲಿ ಹನ್ನೆರಡನ್ನು ಹ್ಯಾಮಿಲ್ಟನ್ ಬರೆದದ್ದಾ, ಮ್ಯಾಡಿಸನ್ ಬರೆದದ್ದಾ ಅಂತ ಜಗಳ ಇತ್ತು. ಮೊಸ್ಟೆಲರ್ ಮತ್ತು ವಾಲೆಸ್ ಅನ್ನುವ ಇಬ್ಬರು ಸಂಖ್ಯಾಶಾಸ್ತ್ರಜ್ಞರು ದೊಡ್ಡ ಪದಗಳನ್ನು ಬಿಟ್ಟು ‘ಅಪಾನ್’ನಂಥ ಪುಟ್ಟ ಪದಗಳನ್ನು ಎಣಿಸಿದರು. 1964ರಲ್ಲಿ ಅವರು ಕೊಟ್ಟ ಉತ್ತರ: ಮ್ಯಾಡಿಸನ್. ದೊಡ್ಡ ಪದಗಳನ್ನು ನಾವು ಆರಿಸಿ ಬರೀತೀವಿ, ಪುಟ್ಟವು ಕೈಯಿಂದ ತಾವಾಗಿ ಜಾರುತ್ತವೆ.

ಇದೇ ದಾರಿಯಲ್ಲಿ ಥಾಮಸ್ ಟ್ರೌಟ್‌ಮನ್ ಎಂಬ ಇತಿಹಾಸಕಾರರು ಅರ್ಥಶಾಸ್ತ್ರದಲ್ಲಿ ‘ಚ’, ‘ವಾ’, ಅಂದರೆ ಕನ್ನಡದ ‘ಮತ್ತು’, ‘ಅಥವಾ’ಗಳನ್ನು ಎಣಿಸಿದರು. 1971ರಲ್ಲಿ ಬಂದ ಅವರ ಪುಸ್ತಕದ ಪ್ರಕಾರ ಇದು ಒಬ್ಬನೇ ಬರೆದ ಗ್ರಂಥವಲ್ಲ, ಬೇರೆ ಬೇರೆ ಕೈಗಳು ಕಾಣುತ್ತವೆ. ಒಬ್ಬನೇ ಬರೆದದ್ದು ಅನ್ನುವ ವಿದ್ವಾಂಸರೂ ಇದ್ದಾರೆ. ನಾನು ಎಣಿಕೆಯ ಪಕ್ಷ, ನೀವು ಊಹಿಸಿರುತ್ತೀರಿ!

ಇನ್ನೊಂದು ಸಣ್ಣ ವಿಷಯ ನಮ್ಮ ಡಿಸಿ ಕಡೆಯವರಿಗೆ: 1919ರಲ್ಲಿ ಶಾಮಶಾಸ್ತ್ರಿಗಳಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ವಾಷಿಂಗ್ಟನ್‌ನ ಓರಿಯಂಟಲ್ ಯೂನಿವರ್ಸಿಟಿ. ಎರಡು ವರ್ಷದ ನಂತರ ಕಲ್ಕತ್ತಾ ವಿಶ್ವವಿದ್ಯಾಲಯವೂ ಕೊಟ್ಟಿತು.

ತಾಳೆಗರಿ ತರುವ ಪಂಡಿತರು ಸ್ಟರ್ಲಿಂಗ್‌ಗೆ ಬರೋದಿಲ್ಲ. ಆದರೆ ಬೇಸಿಗೆ ಬಂತೆಂದರೆ ಡಲ್ಲಸ್ ಏರ್‌ಪೋರ್ಟಿನಲ್ಲಿ ಎಲ್ಲರ ಅಪ್ಪ-ಅಮ್ಮಂದಿರು ಇಳಿಯುತ್ತಾರೆ. ಆರು ತಿಂಗಳು ಮೊಮ್ಮಕ್ಕಳನ್ನು ನೋಡಿಕೊಂಡು, ಸಂಜೆ ಡಬ್ಲ್ಯೂ ಅಂಡ್ ಓಡಿ ಟ್ರೇಲ್‌ನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ವಾಕ್ ಮಾಡಿ, ವಾಪಸ್ ಹೋಗುತ್ತಾರೆ. ಅವರನ್ನು ನಾವು ‘ಊಟ ಆಯ್ತಾ ಅಂಕಲ್’ ಅಂತ ಕೇಳಿ ಮುಂದೆ ಹೋಗ್ತೀವಿ. ಹೋದ ವರ್ಷ ಬೆಂಚಿನ ಮೇಲೆ ಸಿಕ್ಕ ಧಾರವಾಡ ಕಡೆಯ ಹಿರಿಯರೊಬ್ಬರಿಗೆ ಮೋಡಿ ಲಿಪಿ ಓದಲು ಬರುತ್ತೆ ಅಂತ ಗೊತ್ತಾಗಿದ್ದು ಮಳೆಯಿಂದ. ಮಳೆ ನಿಲ್ಲುವ ತನಕ ಒಂದೇ ಶೆಲ್ಟರ್ ಕೆಳಗೆ ನಿಂತಿದ್ದೆವು. ಆ ಕಡೆಯ ಹಳೇ ಜಮೀನಿನ ಕಾಗದಗಳು ಎಷ್ಟೋ ಮೋಡಿಯಲ್ಲೇ ಇವೆ. ಓದುವವರು ಕಡಿಮೆಯಾಗುತ್ತಾ ಇದ್ದಾರೆ, ಕಾಗದಗಳು ಹಾಗೇ ಇವೆ.

“ಯಾರಿಗ್ ಬೇಕಾಗೇದ್ರಿ ಈಗ ಇದು?” ಅಂದರು.

ನನಗೆ ಬೇಕು ಅಂದೆ. ಮೂರು ಸಂಜೆ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅವರ ಹೆಸರು, ಊರು, ಯಾರ ಹತ್ತಿರ ಕಲಿತರು, ಎಲ್ಲವನ್ನೂ ಬರೆದಿಟ್ಟಿದ್ದೇನೆ. ಇಲ್ಲಿ ಹಾಕೋದು ಬೇಡ ಅಂತ ಅವರೇ ಹೇಳಿದ್ದಾರೆ. ಕೊನೆಯ ದಿನ ಜೇಬಿನಿಂದ ತರಕಾರಿ ಅಂಗಡಿಯ ರಸೀದಿ ತೆಗೆದು, ಅದರ ಹಿಂದೆ ಪೆನ್ನು ಎತ್ತದೆ ನನ್ನ ಹೆಸರನ್ನು ಮೋಡಿಯಲ್ಲಿ ಬರೆದುಕೊಟ್ಟರು. ಅದು ನಮ್ಮನೆ ಫ್ರಿಜ್ ಮೇಲಿದೆ. ಬಂದವರೆಲ್ಲ ಅದನ್ನು ಮಗು ಗೀಚಿದ್ದು ಅಂದುಕೊಳ್ಳುತ್ತಾರೆ.