ಹುಲ್ಲುಹಾಸಿನ ಹಳೆಯ ಹಸುರು

ಮನೆಯ ಮುಂದೆ ನಾಲ್ಕು ಗಜ ಹುಲ್ಲು ಬೆಳೆಸಬೇಕೆಂಬ ಆಸೆ ಪಟ್ಟಣವಾಸಿಗಳಲ್ಲಿ ಅನೇಕರಿಗುಂಟು. ಆಸೆ ಹುಟ್ಟಿದೊಡನೆ ಅಂಗಡಿಯ ನೆನಪೂ ಆಗುತ್ತದೆ. ಹುಲ್ಲು ಬೆಳೆಯುವುದಕ್ಕೆ ಒಂದು ಪುಡಿ, ಕಳೆ ಸಾಯುವುದಕ್ಕೆ ಒಂದು ದ್ರಾವಣ, ಹುಳು ಸಾಯುವುದಕ್ಕೆ ಇನ್ನೊಂದು. ಇವಿಲ್ಲದೆ ಹುಲ್ಲುಹಾಸು ಹಸುರಾಗಿ ನಿಲ್ಲಲಾರದು ಎಂಬ ಭಾವನೆ ಬೇರೂರಿಬಿಟ್ಟಿದೆ. ಆದರೆ ಹುಲ್ಲುಹಾಸಿನ ಚರಿತ್ರೆಯಲ್ಲಿ ಈ ಪುಡಿ ದ್ರಾವಣಗಳು ನಿನ್ನೆ ಮೊನ್ನೆ ಬಂದ ಅತಿಥಿಗಳು. ಇಂಗ್ಲೆಂಡಿನ ಹಸಲೆಗಳು ಜಗತ್ಪ್ರಸಿದ್ಧವಾದದ್ದು ಇವು ಯಾವುವೂ ಹುಟ್ಟುವ ಮೊದಲೇ.

ಹದಿನೆಂಟನೆಯ ಶತಮಾನದಲ್ಲಿ ಲಾನ್ಸ್‌ಲಾಟ್ ಬ್ರೌನ್ ಎಂಬಾತ ಆ ದೇಶದ ಶ್ರೀಮಂತರ ಮನೆಗಳ ಸುತ್ತ ಮೈಲಿಗಟ್ಟಲೆ ಹುಲ್ಲನ್ನು ಹರಡಿದ. ಇಷ್ಟು ಹುಲ್ಲನ್ನು ತಗ್ಗಿಸಿ ಇಡುತ್ತಿದ್ದವರು ಯಾರು? ದೂರದ ಭಾಗವನ್ನು ಕುರಿ, ದನ, ಜಿಂಕೆಗಳು. ಅವು ಮನೆಯ ಬಾಗಿಲಿಗೇ ಬಾರದಂತೆ ಕಣ್ಣಿಗೆ ಕಾಣದ ಕಂದಕವೊಂದನ್ನು ತೋಡುತ್ತಿದ್ದರು. ಮನೆಗೆ ಹತ್ತಿರದ ಹುಲ್ಲನ್ನು ಉದ್ದ ಹಿಡಿಯ ಕುಡುಗೋಲು ಹಿಡಿದ ಆಳುಗಳು ಕೊಯ್ಯುತ್ತಿದ್ದರು. ಹುಲ್ಲು ಒದ್ದೆಯಾಗಿದ್ದರೆ ಅಲಗಿಗೆ ಚೆನ್ನಾಗಿ ಸಿಕ್ಕುತ್ತದೆ. ಆದ್ದರಿಂದ ಇಬ್ಬನಿ ಆರುವ ಮೊದಲೇ, ಯಜಮಾನರು ಏಳುವ ಹೊತ್ತಿಗೆ ಕೆಲಸ ಮುಗಿಯಬೇಕು. ಕತ್ತರಿಸಿದ ಹುಲ್ಲನ್ನು ಗುಡಿಸಿ ಒಯ್ಯುವುದು ಹೆಂಗಸರ ಪಾಲು. ಆ ಚೆಲುವಿನ ಹಿಂದಿದ್ದದ್ದು ಗೊಬ್ಬರದ ಮಹಿಮೆಯಲ್ಲ, ಕಡಮೆ ಕೂಲಿ.

ಕೂಲಿಯ ಲೆಕ್ಕವನ್ನು ಬದಲಿಸಿದವನು ಎಡ್ವಿನ್ ಬಡಿಂಗ್. ಗ್ಲಾಸ್ಟರ್‌ಷೈರಿನ ಸ್ಟ್ರೌಡ್ ಸುತ್ತ ಉಣ್ಣೆಬಟ್ಟೆಯ ಗಿರಣಿಗಳಿದ್ದುವು. ಬಟ್ಟೆಯ ಮೇಲೆದ್ದ ಜುಂಗನ್ನು ಸಮನಾಗಿ ಕತ್ತರಿಸುವ ಸುರುಳಿ ಅಲಗಿನ ಯಂತ್ರವನ್ನು ಆತ ಅಲ್ಲಿ ಬಲ್ಲ. ಬಟ್ಟೆಗೆ ಆಗುವುದು ಹುಲ್ಲಿಗೇಕೆ ಆಗಬಾರದು? 1830ರಲ್ಲಿ ಆತ ಪಡೆದ ಪೇಟೆಂಟಿನಿಂದ ಹುಲ್ಲು ಕತ್ತರಿಸುವ ಯಂತ್ರ ಬಂತು. ಇದನ್ನು ತಳ್ಳುವುದು ಸಭ್ಯ ಗೃಹಸ್ಥರಿಗೆ ವಿನೋದವೂ ಆದೀತು, ವ್ಯಾಯಾಮವೂ ಆದೀತು ಎಂಬ ಆಶ್ವಾಸನೆಯನ್ನು ಪೇಟೆಂಟಿನಲ್ಲಿಯೇ ಸೇರಿಸಿದ್ದ. (ಬೇಸಗೆಯಲ್ಲಿ ತಳ್ಳಿ ನೋಡಿದವರು ಎರಡನೆಯ ಮಾತನ್ನು ಮಾತ್ರ ಒಪ್ಪುತ್ತಾರೆ.) ಮುಂದೆ ದೊಡ್ಡ ಯಂತ್ರಗಳನ್ನು ಕುದುರೆಗಳು ಎಳೆದುವು. ಗೊರಸಿನ ಗುರುತು ಮೂಡದಿರಲೆಂದು ಅವುಗಳ ಕಾಲಿಗೆ ತೊಗಲಿನ ಜೋಡು ತೊಡಿಸುತ್ತಿದ್ದರು. ಕುರಿಗಳ ಕಾಲವೂ ಅಷ್ಟು ಬೇಗ ಮುಗಿಯಲಿಲ್ಲ. ಮೊದಲನೆಯ ಮಹಾಯುದ್ಧದ ವೇಳೆ, 1918ರಲ್ಲಿ, ವುಡ್ರೋ ವಿಲ್ಸನ್ ಅಮೆರಿಕದ ಅಧ್ಯಕ್ಷರಾಗಿದ್ದಾಗ ಶ್ವೇತಭವನದ ಹುಲ್ಲನ್ನು ಕುರಿಮಂದೆ ಮೇಯ್ದಿತು. ಅವುಗಳ ಉಣ್ಣೆಯನ್ನು ಹರಾಜು ಹಾಕಿ ಹಣವನ್ನು ರೆಡ್‌ಕ್ರಾಸಿಗೆ ಕೊಟ್ಟರು.

ಕೊಯ್ದಷ್ಟೂ ಹುಲ್ಲು ಏಕೆ ಸೊಂಪಾಗುತ್ತದೆ ಎಂಬುದು ಸರಳ ವಿಷಯ. ಇತರ ಗಿಡಗಳು ತುದಿಯಲ್ಲಿ ಚಿಗುರಿದರೆ ಹುಲ್ಲಿನ ಎಲೆ ಬುಡದಿಂದ ಬೆಳೆಯುತ್ತದೆ. ತುದಿ ಹೋದರೆ ಅದಕ್ಕೆ ಹೆಚ್ಚಿನ ನಷ್ಟವಿಲ್ಲ. ಎತ್ತರದ ಕಳೆಗಳಿಗೋ ಅದೇ ಮೃತ್ಯು. ಆದರೂ ಕೊಯ್ದ ನೆಲದಲ್ಲಿ ಹುಲ್ಲೊಂದೇ ಇರುವುದಿಲ್ಲ. ಚಾರ್ಲ್ಸ್ ಡಾರ್ವಿನ್ ಬಹುಕಾಲ ಕೊಯ್ಲಾಗಿದ್ದ, ಮೂರಡಿಗೆ ನಾಲ್ಕಡಿಯ ಒಂದು ತುಂಡು ಹಸಲೆಯನ್ನು ಕೊಯ್ಯದೆ ಬಿಟ್ಟು ನೋಡಿದ. ಅದರಲ್ಲಿದ್ದ ಇಪ್ಪತ್ತು ಜಾತಿಯ ಸಸ್ಯಗಳಲ್ಲಿ ಒಂಬತ್ತು, ಬಲಿಷ್ಠವಾದವುಗಳ ನೆರಳಿಗೆ ಸಿಕ್ಕಿ ಸತ್ತುವು. 1859ರಲ್ಲಿ ಪ್ರಕಟವಾದ ಆತನ ಪ್ರಸಿದ್ಧ ಗ್ರಂಥದಲ್ಲಿ ಈ ಸಂಗತಿ ಬರುತ್ತದೆ. ಮಂಚದ ಅರ್ಧದಷ್ಟೂ ಇಲ್ಲದ ನೆಲದಲ್ಲಿ ಇಪ್ಪತ್ತು ಜಾತಿ! ಆ ಕಾಲದ ಒಳ್ಳೆಯ ಹುಲ್ಲುಹಾಸೆಂದರೆ ಇಂಥ ಸಮ್ಮಿಶ್ರ ಕುಟುಂಬ.

ಡಾರ್ವಿನ್ ಇನ್ನೊಂದು ಉಪಕಾರವನ್ನೂ ಮಾಡಿದ. ಕೆಂಟಿನ ತನ್ನ ಮನೆಯ ಬಳಿ 1842ರ ಡಿಸೆಂಬರಿನಲ್ಲಿ ಹುಲ್ಲುನೆಲದ ಮೇಲೆ ಸೀಮೆಸುಣ್ಣದ ಚೂರುಗಳನ್ನು ಹರಡಿಸಿದ. 29 ವರ್ಷ ಕಾದು 1871ರ ನವೆಂಬರಿನಲ್ಲಿ ಅಗೆಸಿದರೆ ಆ ಬಿಳಿಯ ಗೆರೆ ಏಳು ಅಂಗುಲ ಕೆಳಗಿತ್ತು. ಸುಣ್ಣ ಇಳಿಯಲಿಲ್ಲ, ಎರೆಹುಳುಗಳು ಕೆಳಗಿನ ಮಣ್ಣನ್ನು ತಿಂದು ಮೇಲೆ ಹಿಕ್ಕೆಯಾಗಿ ತಂದು ಹಾಕಿ ಅದನ್ನು ಹೂತಿದ್ದುವು. ಎಕರೆಗೆ ವರ್ಷವೊಂದಕ್ಕೆ ಹತ್ತು ಟನ್ನಿಗೂ ಹೆಚ್ಚು ಮಣ್ಣು ಅವುಗಳ ಹೊಟ್ಟೆಯನ್ನು ಹಾದುಬರುತ್ತದೆಂದು 1881ರ ತನ್ನ ಪುಸ್ತಕದಲ್ಲಿ ಬರೆದ. ಉಳುಮೆಯಿಲ್ಲದ ಹಸಲೆಗೆ ಉಳುವವನೂ ಗೊಬ್ಬರ ಹಾಕುವವನೂ ಎರೆಹುಳುವೇ.

ಇಷ್ಟಾದರೂ ಆಟಗಾರರು ಹುಳುವನ್ನು ಒಪ್ಪಲಿಲ್ಲ. ಗಾಲ್ಫ್ ಚೆಂಡು ಹುಳುವಿನ ಹಿಕ್ಕೆಗೆ ತಾಗಿ ದಾರಿ ತಪ್ಪುತ್ತದೆಂದು ಅದರ ಸಂಹಾರಕ್ಕೆ ತೊಡಗಿದರು. ಆ ಸಂಹಾರದ ಅಸ್ತ್ರ ಹೋದದ್ದು ಭಾರತದಿಂದ! ನಮ್ಮ ಹಿಪ್ಪೆಯ ಬೀಜದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ನೊರೆಗಟ್ಟುವ ವಿಷವೊಂದಿದೆ. ಕೆರೆಯ ಮೀನನ್ನು ಮತ್ತೇರಿಸಿ ಹಿಡಿಯುವುದಕ್ಕೆ ನಮ್ಮ ಜನ ಅದನ್ನು ಬಳಸಿದ್ದುಂಟು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆ ಹಿಂಡಿಯ ಪುಡಿಯನ್ನು ಬ್ರಿಟನ್ನಿನ ಹುಲ್ಲಿನ ಮೇಲೆ ಎರಚಿ ನೀರು ಹಾಯಿಸುತ್ತಿದ್ದರು. ಹುಳುಗಳು ಉರಿ ತಾಳಲಾರದೆ ಮೇಲಕ್ಕೆ ಬಂದು ಸಾಯುತ್ತಿದ್ದುವು. ಅವನ್ನು ಗುಡಿಸಿ ಹೊರುತ್ತಿದ್ದರು. ಮರದಿಂದ ಬಂದದ್ದೆಲ್ಲ ಸಾಧು ಎಂದು ನಂಬುವವರು ಇದನ್ನು ನೆನೆಯಬೇಕು. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಸೀಸ ಮತ್ತು ಪಾಷಾಣ ಸೇರಿದ ಲವಣವನ್ನು ಬಳಸಿದರು. ಅದಂತೂ ಮಣ್ಣನ್ನು ಬಿಟ್ಟು ಹೋಗುವ ವಸ್ತುವಲ್ಲ.

ಈಗ ಬಿಳಿ ಕ್ಲೋವರಿನ ಮಾತು. ಮೂರೆಲೆಯ ಈ ಪುಟ್ಟ ಸಸ್ಯ ನಮ್ಮ ಹುರುಳಿ ಅವರೆಗಳ ಬಂಧು. ಇವುಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆಂದು ಜರ್ಮನಿಯ ಹೆಲ್‌ರೀಗೆಲ್ 1886ರಲ್ಲಿ ಸಾರಿದ. ಶಾಸ್ತ್ರ ತಿಳಿಯುವ ಮೊದಲೂ ತೋಟಗಾರರು ಹುಲ್ಲಿನ ಬೀಜದೊಡನೆ ಕ್ಲೋವರನ್ನು ಬೆರೆಸುತ್ತಿದ್ದರು. ಮಳೆ ತಪ್ಪಿದಾಗಲೂ ಅದು ಹಸುರಾಗಿರುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದ ಸಂಶೋಧನೆಗಳ ಫಲವಾಗಿ 2,4-ಡಿ ಎಂಬ ಕಳೆನಾಶಕ ಹುಟ್ಟಿ 1945ರಲ್ಲಿ ಅಮೆರಿಕದ ಪೇಟೆಗೆ ಬಂತು. ಅದು ಸಸ್ಯದ ಬೆಳೆವಣಿಗೆಯ ರಸವನ್ನು ಅನುಕರಿಸಿ ಅಗಲ ಎಲೆಯ ಗಿಡಗಳನ್ನು ವಿಕಾರವಾಗಿ ಬೆಳೆಯಿಸಿ ಕೊಲ್ಲುತ್ತದೆ, ಹುಲ್ಲನ್ನು ಬಿಡುತ್ತದೆ. ಕ್ಲೋವರ್ ಅಗಲ ಎಲೆಯದು, ಅದೂ ಸತ್ತಿತು. ಔಷಧಿಗೆ ಬಲಿಯಾದದ್ದು ಕಳೆಯೇ ಇರಬೇಕಲ್ಲವೆ? ಹೀಗೆ ನಿನ್ನೆಯವರೆಗೆ ಬೀಜದ ಚೀಲದಲ್ಲಿದ್ದದ್ದು ಕಳೆಯ ಪಟ್ಟಿಗೆ ಸೇರಿತು. ಅದು ಕೊಡುತ್ತಿದ್ದ ಸಾರಜನಕವನ್ನು ಇನ್ನು ಚೀಲದಲ್ಲಿ ಕೊಳ್ಳಬೇಕಾಯಿತು. ಕಳೆ ಎಂಬ ಹೆಸರೇ ಹೀಗೆ ಜಾರುವಂಥದು. ನಮ್ಮ ರಾಗಿಹೊಲದಲ್ಲಿ ಗರಿಕೆ ರೈತನ ಶತ್ರು, ಗಣಪತಿಯ ಮುಂದೆ ದೂರ್ವೆ, ಬಂಗಲೆಯ ಅಂಗಳದಲ್ಲಿ ಅದೇ ಹಸಲೆ.

ರೇಚೆಲ್ ಕಾರ್ಸನ್ 1962ರಲ್ಲಿ ಬರೆದ ಪುಸ್ತಕ ಕೀಟನಾಶಕಗಳ ಬಗೆಗೆ ಲೋಕವನ್ನೆಚ್ಚರಿಸಿತು. ಹುಲ್ಲುಹಾಸಿನ ವ್ಯಾಜ್ಯ ನ್ಯಾಯಾಲಯಕ್ಕೆ ಹೋದದ್ದು ಮಾತ್ರ ಕೆನಡದ ಮಾಂಟ್ರಿಯಲ್ ಬಳಿಯ ಹಡ್ಸನ್ ಎಂಬ ಚಿಕ್ಕ ಊರಿನಿಂದ. ಜೂನ್ ಅರ್ವಿನ್ ಎಂಬ ಚರ್ಮವೈದ್ಯೆ 1985ರಿಂದ ಪುರಸಭೆಯ ಕೂಟಗಳಿಗೆ ಹೋಗಿ, ಅಂಗಳಗಳಿಗೆ ಸಿಂಪಡಿಸುವ ವಿಷಗಳ ಬಗೆಗೆ ಬಿಡದೆ ಮಾತನಾಡಿದರು. 1991ರಲ್ಲಿ ಪುರಸಭೆ, ಕೇವಲ ಅಲಂಕಾರಕ್ಕಾಗಿ ಇವನ್ನು ಬಳಸಕೂಡದೆಂದು ನಿಯಮ ಮಾಡಿತು, ಬೇಸಾಯಕ್ಕೆ ವಿನಾಯಿತಿಯಿತ್ತು. ಹುಲ್ಲಿಗೆ ಔಷಧಿ ಹೊಡೆಯುವ ಎರಡು ಕಂಪನಿಗಳು ನಿಯಮವನ್ನು ಪ್ರಶ್ನಿಸಿದುವು. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಸೋತು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದುವು. 2001ರ ಜೂನ್ 28ರಂದು ಅಲ್ಲಿಯೂ ಊರೇ ಗೆದ್ದಿತು. 2003ರಲ್ಲಿ ಕ್ವಿಬೆಕ್, 2009ರಲ್ಲಿ ಒಂಟಾರಿಯೊ ಪ್ರಾಂತಗಳು ತಮ್ಮ ತಮ್ಮ ನಿರ್ಬಂಧಗಳನ್ನು ತಂದುವು.

ಅಲ್ಲಿಯ ಗೃಹಸ್ಥರು ಹುಲ್ಲನ್ನು ಬಿಟ್ಟುಬಿಡಲಿಲ್ಲ. ಮೂರಂಗುಲಕ್ಕಿಂತ ತಗ್ಗಾಗಿ ಕತ್ತರಿಸದಿರುವುದು, ಕತ್ತರಿಸಿದ್ದನ್ನು ಅಲ್ಲಿಯೇ ಬಿಟ್ಟು ಹುಳುಗಳಿಗೆ ಒಪ್ಪಿಸುವುದು, ಜರಡಿ ಹಿಡಿದ ಕೊಳೆಗೊಬ್ಬರವನ್ನು ತೆಳ್ಳಗೆ ಹರಡುವುದು, ದಿನವೂ ಚಿಮುಕಿಸುವ ಬದಲು ಅಪರೂಪವಾಗಿ ಆಳಕ್ಕೆ ನೀರಿಳಿಸುವುದು, ಇವು ಅವರ ಉಪಾಯಗಳು. ಕ್ಲೋವರ್ ಬೆರೆತ ಬೀಜವೂ ಅಂಗಡಿಗಳಿಗೆ ಮರಳಿದೆ. ನಮ್ಮ ಗರಿಕೆಗೂ ಈ ಕ್ರಮವೇ ಸಾಕು. ಅದನ್ನು ಇನ್ನೂ ತಗ್ಗಾಗಿ, ಒಂದೆರಡು ಅಂಗುಲಕ್ಕೆ ಕತ್ತರಿಸಬಹುದು. ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಮಾವಿನ ಮರದ ಅಡಿಯಲ್ಲಿ ಮಾತ್ರ ಅದನ್ನು ನೆಡುವುದು ಬೇಡ. ನೆರಳಿನಲ್ಲಿ ಗರಿಕೆ ಬಾಳುವುದಿಲ್ಲ.